ನಿಂತ ವ್ಯಾನಿನಲ್ಲಿ ಸೋರುವ ಕರೆಂಟು

ಜರ್ಮನಿಯ ಕೆಲವು ವಾಹನಗಳ ನಂಬರ್ ಪ್ಲೇಟಿನ ಬಲತುದಿಯಲ್ಲಿ ಒಂದರ ಕೆಳಗೊಂದು ಎರಡು ಪುಟ್ಟ ಸಂಖ್ಯೆಗಳಿರುತ್ತವೆ. ಮೇಲೆ 04, ಕೆಳಗೆ 10 ಎಂದಿದ್ದರೆ ಆ ಗಾಡಿ ಏಪ್ರಿಲ್‌ನಿಂದ ಅಕ್ಟೋಬರ್ ತನಕ ಮಾತ್ರ ರಸ್ತೆಗಿಳಿಯಬಹುದು. ಉಳಿದ ತಿಂಗಳುಗಳಿಗೆ ರಸ್ತೆ ತೆರಿಗೆ ಇಲ್ಲ, ಆದರೆ ಗಾಡಿ ಮಾಲೀಕರ ಸ್ವಂತ ಜಾಗದಲ್ಲೋ ಬಾಡಿಗೆಯ ಶೆಡ್ಡಿನಲ್ಲೋ ನಿಂತಿರಬೇಕು. 1997ರಲ್ಲಿ ಬಂದ ಈ ಏರ್ಪಾಡು ಬೇಸಿಗೆಯಲ್ಲಷ್ಟೇ ಹೊರಡುವ ಕ್ಯಾಂಪರ್ ವ್ಯಾನುಗಳಿಗೆ ಹೇಳಿ ಮಾಡಿಸಿದಂತಿದೆ. ಐದು ತಿಂಗಳ ಚಳಿ ಕಳೆದು ಏಪ್ರಿಲ್‌ನಲ್ಲಿ ಕೀಲಿ ತಿರುಗಿಸಿದಾಗ ಮಾತ್ರ ಅನೇಕ ಹಳೆಯ ವ್ಯಾನುಗಳಲ್ಲಿ ಕೇಳಿಸುವುದು ರಿಲೇ ಎಂಬ ವಿದ್ಯುತ್ ಸ್ವಿಚ್ಚಿನ ‘ಟಿಕ್’ ಸದ್ದಷ್ಟೇ. ಬ್ಯಾಟರಿ ಖಾಲಿ.

ಇಂಥ ವ್ಯಾನುಗಳ ಪೈಕಿ ಹೆಸರುವಾಸಿಯಾದದ್ದು ಫೋಕ್ಸ್‌ವ್ಯಾಗನ್‌ನ ಟಿ-3. 1979ರಲ್ಲಿ ಮಾರುಕಟ್ಟೆಗೆ ಬಂದ ಇದು ಹ್ಯಾನೋವರ್ ಕಾರ್ಖಾನೆಯಲ್ಲಿ 1990ರವರೆಗೆ ತಯಾರಾಯಿತು. ಅಮೆರಿಕದಲ್ಲಿ ಇದರ ಹೆಸರು ವ್ಯಾನಗನ್. ವೆಸ್ಟ್‌ಫಾಲಿಯಾ ಎಂಬ ಕಂಪನಿ ಇದಕ್ಕೆ ಮೇಲೇಳುವ ಚಾವಣಿ, ಮಡಚುವ ಹಾಸಿಗೆ, ಗ್ಯಾಸ್ ಒಲೆ, ಪುಟ್ಟ ಫ್ರಿಜ್ ಜೋಡಿಸಿ ಚಲಿಸುವ ಮನೆಯಾಗಿಸಿತು. ಎಂಜಿನ್ ಹಿಂದೆ, ಬ್ಯಾಟರಿ ಮುಂದಿನ ಸೀಟಿನ ಕೆಳಗೆ. ಅನೇಕ ಗಾಡಿಗಳಲ್ಲಿ ಚಾಲಕನ ಸೀಟಿನ ಕೆಳಗೆ ಇನ್ನೊಂದು ಬ್ಯಾಟರಿ. ಮೊದಲನೆಯದು ಎಂಜಿನ್ ಚಾಲೂ ಮಾಡಲು, ಎರಡನೆಯದು ದೀಪ, ನೀರಿನ ಪಂಪು ಮುಂತಾದ ಮನೆವಾರ್ತೆಗೆ.

ಗಾಡಿಯ ವಯಸ್ಸು ಮೂವತ್ತು ದಾಟಿದೆ. ಇಷ್ಟರಲ್ಲಿ ಅದು ಹಲವು ಮಾಲೀಕರನ್ನು ಕಂಡಿರುತ್ತದೆ. ಒಬ್ಬರು ಹೊಸ ಸ್ಟೀರಿಯೊ ಹಾಕಿಸಿದ್ದಾರೆ, ಇನ್ನೊಬ್ಬರು ಗ್ಯಾಸ್ ಸೋರಿಕೆಯ ಅಲಾರಂ, ಮತ್ತೊಬ್ಬರು ಕಪಾಟಿನೊಳಗೆ ದೀಪ. ಯಾರು ಯಾವ ವೈರಿಗೆ ಏನು ಜೋಡಿಸಿದರೆಂದು ಬರೆದಿಟ್ಟವರಿಲ್ಲ. ಎಲ್ಲವನ್ನೂ ಆರಿಸಿ ಬೀಗ ಹಾಕಿದ ಮೇಲೂ ಈ ವೈರುಗಳ ಗೊಂಡಾರಣ್ಯದಲ್ಲಿ ಎಲ್ಲೋ ಕರೆಂಟು ಹರಿಯುತ್ತಿದೆ. ಅದನ್ನು ಪತ್ತೆ ಹಚ್ಚುವುದಕ್ಕೆ ಅನುಭವಿ ಮೆಕ್ಯಾನಿಕ್ಕಿನ ಆರನೇ ಇಂದ್ರಿಯವೇನೂ ಬೇಡ. ಒಂದು ಮಲ್ಟಿಮೀಟರ್, ಸ್ವಲ್ಪ ತಾಳ್ಮೆ, ಕೂಡಿಸಿ ಕಳೆಯುವ ಲೆಕ್ಕ ಇದ್ದರೆ ಸಾಕು.

ಎಷ್ಟು ಸೋರಿದರೆ ಸಹಜ?

ನಿಂತ ಗಾಡಿಯಲ್ಲಿ ಕರೆಂಟು ಸ್ವಲ್ಪವೂ ಹರಿಯಬಾರದೆಂದು ನಿರೀಕ್ಷಿಸುವುದು ತಪ್ಪು. ಗಡಿಯಾರ ನಡೆಯಬೇಕು, ಸ್ಟೀರಿಯೊ ತನ್ನ ಸ್ಟೇಷನ್‌ಗಳನ್ನು ನೆನಪಿಟ್ಟುಕೊಳ್ಳಬೇಕು. ಹಳೆಯ ಗಾಡಿಯಲ್ಲಿ ಇವೆಲ್ಲ ಸೇರಿ 10ರಿಂದ 30 ಮಿಲಿಆಂಪಿಯರ್ ಆದೀತು. ಕಂಪ್ಯೂಟರುಗಳಿಂದ ತುಂಬಿದ ಇಂದಿನ ಕಾರುಗಳಲ್ಲೂ 50 ಮಿಲಿಆಂಪಿಯರ್ ದಾಟಿದರೆ ಮೆಕ್ಯಾನಿಕ್‌ಗಳು ಹುಬ್ಬೇರಿಸುತ್ತಾರೆ.

ಇದು ಎಷ್ಟು ದಿನಕ್ಕೆ ಬ್ಯಾಟರಿಯನ್ನು ಬರಿದು ಮಾಡೀತು? 20 ಮಿಲಿಆಂಪಿಯರ್ ಕರೆಂಟು 24 ಗಂಟೆ ಹರಿದರೆ 0.48 ಆಂಪಿಯರ್-ಅವರ್ ವೆಚ್ಚವಾಗುತ್ತದೆ. ವಾರಗಟ್ಟಲೆ ಇದು ಗಮನಕ್ಕೇ ಬಾರದು. ಆದರೆ 150 ದಿನಕ್ಕೆ ಅದು 72 ಆಂಪಿಯರ್-ಅವರ್. ಇಂಥ ವ್ಯಾನಿನ ಬ್ಯಾಟರಿಯಲ್ಲಿರುವುದೇ ಸುಮಾರು 60! ಅಂದರೆ ಯಾವ ದೋಷವೂ ಇಲ್ಲದ ವ್ಯಾನು ಕೂಡ ಚಳಿಗಾಲ ಪೂರ್ತಿ ನಿಂತರೆ ಬ್ಯಾಟರಿಯನ್ನು ಮುಗಿಸಿಬಿಡುತ್ತದೆ. ಏಪ್ರಿಲ್‌ನ ಖಾಲಿ ಬ್ಯಾಟರಿಗೆ ಎಷ್ಟೋ ಸಲ ಕಾರಣ ದೋಷವಲ್ಲ, ಕ್ಯಾಲೆಂಡರು. ಅದೇ ಗಾಡಿಯಲ್ಲಿ 5 ವಾಟಿನ ಒಂದು ಬಲ್ಬು ಉರಿಯುತ್ತಿದ್ದರೆ ಕಥೆ ಬೇರೆ. ಅದು ಎಳೆಯುವುದು 0.42 ಆಂಪಿಯರ್, ದಿನಕ್ಕೆ ಹತ್ತು ಆಂಪಿಯರ್-ಅವರ್. ಬ್ಯಾಟರಿ ಆರು ದಿನಕ್ಕೆ ಸೊನ್ನೆ. ಆದ್ದರಿಂದ ಮೊದಲು ಕೇಳಬೇಕಾದ ಪ್ರಶ್ನೆ ‘ಎಲ್ಲಿ ಸೋರುತ್ತಿದೆ’ ಎಂದಲ್ಲ, ‘ಎಷ್ಟು ದಿನಕ್ಕೆ ಖಾಲಿಯಾಗುತ್ತಿದೆ’ ಎಂದು. ಆ ಉತ್ತರದಲ್ಲೇ ಸೋರಿಕೆಯ ಗಾತ್ರದ ಅಂದಾಜು ಇದೆ.

ಖಾಲಿಯಾದ ಬ್ಯಾಟರಿಯನ್ನು ಹಾಗೇ ಬಿಡುವುದು ಅಪಾಯ. ಫ್ರಾನ್ಸಿನ ಗಾಸ್ತೋ ಪ್ಲಾಂಟೆ 1859ರಲ್ಲಿ ಕಂಡುಹಿಡಿದ ಸೀಸ-ಆಮ್ಲ ಬ್ಯಾಟರಿಯ ಮೂಲ ರಸಾಯನ ಇಂದಿಗೂ ಬದಲಾಗಿಲ್ಲ. ಕರೆಂಟು ಕೊಡುವಾಗ ಅದರ ಎರಡೂ ಫಲಕಗಳ ಮೇಲೆ ಸೀಸದ ಸಲ್ಫೇಟ್ ಕೂರುತ್ತದೆ, ಆಮ್ಲ ತೆಳುವಾಗುತ್ತದೆ. ಕೂಡಲೇ ಚಾರ್ಜ್ ಮಾಡಿದರೆ ಸಲ್ಫೇಟ್ ಕರಗಿ ಎಲ್ಲವೂ ಮೊದಲಿನಂತೆ. ವಾರಗಟ್ಟಲೆ ಬಿಟ್ಟರೆ ಅದರ ಸಣ್ಣ ಹರಳುಗಳು ಬೆಳೆದು ಗಟ್ಟಿಯಾಗುತ್ತವೆ. ಮತ್ತೆ ಕರಗಲು ಒಪ್ಪುವುದಿಲ್ಲ, ಅಷ್ಟು ಸಾಮರ್ಥ್ಯ ಶಾಶ್ವತವಾಗಿ ಹೋಯಿತು. ಇನ್ನೊಂದು ಅಪಾಯ ಚಳಿಯದು. ಪೂರ್ತಿ ಚಾರ್ಜಾದ ಬ್ಯಾಟರಿಯ ಆಮ್ಲ ಹೆಪ್ಪುಗಟ್ಟಲು ಸೊನ್ನೆಗಿಂತ ಐವತ್ತು ಡಿಗ್ರಿಗೂ ಕೆಳಗಿನ ಚಳಿ ಬೇಕು. ಖಾಲಿಯಾದದ್ದು ಸೊನ್ನೆಗಿಂತ ಸುಮಾರು ಹತ್ತು ಡಿಗ್ರಿ ಕೆಳಗೆ ಹೋದರೆ ಸಾಕು, ಹೆಪ್ಪುಗಟ್ಟಿ ಡಬ್ಬಿಯನ್ನೇ ಸೀಳಬಲ್ಲದು. ಬವೇರಿಯದ ಜನವರಿಯಲ್ಲಿ ಅಂಥ ಚಳಿ ಅಪರೂಪವೇನಲ್ಲ.

ಮೊದಲ ಆರೋಪಿ ಬ್ಯಾಟರಿಯೇ

ವೈರಿಂಗ್ ಬಿಚ್ಚುವ ಮೊದಲು ಬ್ಯಾಟರಿಯನ್ನೇ ಪರೀಕ್ಷಿಸಬೇಕು. ಪೂರ್ತಿ ಚಾರ್ಜ್ ಮಾಡಿ, ನೆಗೆಟಿವ್ ವೈರನ್ನು ಕಳಚಿಟ್ಟು, ಕೆಲವು ಗಂಟೆ ಬಿಟ್ಟು ವೋಲ್ಟೇಜ್ ನೋಡಿ. 12.7 ವೋಲ್ಟ್ ಇದ್ದರೆ ಅದು ತುಂಬಿದೆ. 12.2 ಎಂದರೆ ಹೆಚ್ಚುಕಡಿಮೆ ಅರ್ಧ. 11.9ಕ್ಕಿಂತ ಕೆಳಗಿದ್ದರೆ ಖಾಲಿಯೇ ಅನ್ನಿ. ಹಾಗೇ ಕಳಚಿಟ್ಟು ನಾಲ್ಕೈದು ದಿನ ಬಿಟ್ಟಾಗ 12.7 ಇದ್ದದ್ದು 12.3ಕ್ಕೆ ಜಾರಿದರೆ ಗಾಡಿಯ ವೈರಿಂಗ್ ನಿರಪರಾಧಿ. ಬ್ಯಾಟರಿ ಒಳಗೊಳಗೇ ಸೋರುತ್ತಿದೆ. ಒಳ್ಳೆಯ ಬ್ಯಾಟರಿ ತಾನಾಗಿ ಕಳೆದುಕೊಳ್ಳುವುದು ತಿಂಗಳಿಗೆ ಶೇಕಡಾ ಮೂರರಿಂದ ಐದು, ಚಳಿಯಲ್ಲಿ ಇನ್ನೂ ಕಡಿಮೆ.

ಬ್ಯಾಟರಿಯ ಮೈಮೇಲಿನ ಕೊಳೆಯೂ ಒಂದು ವೈರು. ಆಮ್ಲದ ಹಬೆ, ಧೂಳು, ತೇವ ಸೇರಿ ಎರಡು ಟರ್ಮಿನಲ್‌ಗಳ ನಡುವೆ ಕರೆಂಟು ಹರಿಯುವಷ್ಟು ಪಸೆ ಕಟ್ಟುತ್ತದೆ. ಮೀಟರಿನ ಒಂದು ಕಡ್ಡಿಯನ್ನು ಟರ್ಮಿನಲ್ಲಿಗೂ ಇನ್ನೊಂದನ್ನು ಪ್ಲಾಸ್ಟಿಕ್ ಮೇಲ್ಮೈಗೂ ಮುಟ್ಟಿಸಿದಾಗ ವೋಲ್ಟೇಜ್ ಕಂಡರೆ ಅಡುಗೆ ಸೋಡಾ ಕಲಸಿದ ನೀರಿನಿಂದ ಒರೆಸಬೇಕು. ಎಂಜಿನ್ ಓಡುವಾಗ ಟರ್ಮಿನಲ್‌ಗಳಲ್ಲಿ 13.8ರಿಂದ 14.4 ವೋಲ್ಟ್ ಕಾಣದಿದ್ದರೆ ಬ್ಯಾಟರಿ ಸೋರುತ್ತಿಲ್ಲ, ತುಂಬುತ್ತಲೇ ಇಲ್ಲ. ಇಷ್ಟೂ ಸರಿಯಿದ್ದರೆ ಮಾತ್ರ ವೈರಿಂಗಿನತ್ತ ಹೊರಳಬೇಕು.

ಇಪ್ಪತ್ತೊಂದರ ಹುಡುಗ ಬರೆದ ನಿಯಮ

1845ರಲ್ಲಿ ಪ್ರಷ್ಯಾದ ಕೋನಿಗ್ಸ್‌ಬರ್ಗ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ಗುಸ್ತಾವ್ ಕಿರ್ಕಾಫ್ ವಿದ್ಯುತ್ ಮಂಡಲಗಳ ಬಗ್ಗೆ ಎರಡು ನಿಯಮಗಳನ್ನು ಪ್ರಕಟಿಸಿದ. ಆಗ ಅವನ ವಯಸ್ಸು 21. ಮೊದಲ ನಿಯಮ ಹೀಗೆ: ವೈರುಗಳು ಕೂಡುವ ಯಾವುದೇ ಜಾಗಕ್ಕೆ ಎಷ್ಟು ಕರೆಂಟು ಬರುತ್ತದೋ ಅಷ್ಟೇ ಹೊರಗೆ ಹೋಗಬೇಕು. ವಿದ್ಯುದಾವೇಶ ಹುಟ್ಟುವುದೂ ಇಲ್ಲ, ಮಾಯವಾಗುವುದೂ ಇಲ್ಲ, ದಾರಿಯಲ್ಲಿ ಗುಡ್ಡೆ ಬೀಳುವುದೂ ಇಲ್ಲ.

ಸೋರಿಕೆಯ ಪತ್ತೆಯೆಲ್ಲ ಈ ಒಂದು ಸಾಲಿನ ಮೇಲೆ ನಿಂತಿದೆ. ಬ್ಯಾಟರಿಯಿಂದ ಹೊರಟ ಕರೆಂಟು ಗಾಡಿಯೊಳಗೆ ಎಷ್ಟೇ ಕವಲೊಡೆದರೂ ಕಬ್ಬಿಣದ ಮೈಯ ಮೂಲಕ, ಅಂದರೆ ಅರ್ಥಿನ ಮೂಲಕ, ನೆಗೆಟಿವ್ ಟರ್ಮಿನಲ್ಲಿಗೆ ಮರಳಲೇಬೇಕು. ಅಲ್ಲೊಂದು ಅಮ್ಮೀಟರ್ ಕೂರಿಸಿದರೆ ಒಟ್ಟು ಸೋರಿಕೆ ಸಿಕ್ಕಿತು. ಆಮೇಲೆ ಒಂದೊಂದೇ ಫ್ಯೂಸು ಕೀಳುತ್ತ ಹೋದಂತೆ ಯಾವ ಕವಲಿನ ಪಾಲು ಎಷ್ಟೆಂದು ಮೀಟರಿನ ಇಳಿತವೇ ಹೇಳುತ್ತದೆ. ತಾರಸಿಯ ಟ್ಯಾಂಕು ರಾತ್ರಿ ಬೆಳಗಾಗುವುದರಲ್ಲಿ ಖಾಲಿಯಾಗುತ್ತಿದ್ದರೆ ಮನೆಯ ವಾಲ್ವುಗಳನ್ನು ಒಂದೊಂದಾಗಿ ಮುಚ್ಚಿ ನೋಡುತ್ತೇವಲ್ಲ, ಅದೇ ಉಪಾಯ. ಎಲ್ಲ ಕವಲುಗಳ ಮೊತ್ತ ಒಟ್ಟು ಸೋರಿಕೆಗೆ ಸರಿಹೊಂದಬೇಕು ಎಂಬುದನ್ನು ಇಲ್ಲಿ ಮರೆಯಬಾರದು. ಹೊಂದದಿದ್ದರೆ ನಾವು ನೋಡದ ದಾರಿಯೊಂದು ಇನ್ನೂ ಇದೆ.

ಅಳೆಯುವವನೇ ಅಡ್ಡಿ

ಕೇಳಲು ಸುಲಭ. ಆದರೆ ಅಳೆಯುವ ಕೆಲಸವೇ ಗಾಡಿಯ ಸ್ಥಿತಿಯನ್ನು ಕದಲಿಸುತ್ತದೆ, ತೊಡಕು ಇರುವುದು ಅಲ್ಲಿ. ವ್ಯಾನಿನ ಬಾಗಿಲು ತೆರೆದರೆ ಒಳದೀಪ ಹತ್ತುತ್ತದೆ, ಮೀಟರು ಅದನ್ನೂ ಎಣಿಸುತ್ತದೆ. ಆದ್ದರಿಂದ ಬಾಗಿಲಿನ ಸ್ವಿಚ್ಚನ್ನು ಮೊದಲೇ ಅದುಮಿ ಕಟ್ಟಿಡಬೇಕು. ಬ್ಯಾಟರಿ ವೈರು ಕಳಚಿದ ಕ್ಷಣವೇ ಅಂಟಿ ಕೂತಿದ್ದ ರಿಲೇಯೊಂದು ಬಿಟ್ಟುಕೊಳ್ಳಬಹುದು. ಮೀಟರ್ ಜೋಡಿಸಿದಾಗ ಸೋರಿಕೆ ಇಲ್ಲವೆಂದೇ ತೋರಿ, ವಾರದ ನಂತರ ಬ್ಯಾಟರಿ ಮತ್ತೆ ಖಾಲಿಯಾಗುತ್ತದೆ. ಇದಕ್ಕೆ ಪರಿಹಾರವಿದೆ. ಮೀಟರಿನ ಒಂದು ತುದಿಯನ್ನು ನೆಗೆಟಿವ್ ಟರ್ಮಿನಲ್ಲಿಗೂ ಇನ್ನೊಂದನ್ನು ಅರ್ಥ್ ವೈರಿಗೂ ಮೊದಲೇ ಕ್ಲಿಪ್ಪಿನಿಂದ ಹಿಡಿಸಿ, ಆಮೇಲೆ ವೈರಿನ ಹಿಡಿಕೆಯನ್ನು ಟರ್ಮಿನಲ್ಲಿಂದ ಮೇಲೆತ್ತಬೇಕು. ಆಗ ಕರೆಂಟು ಒಂದು ಕ್ಷಣವೂ ಕಡಿಯದೆ ಮೀಟರಿನ ಮೂಲಕ ಹೊರಳುತ್ತದೆ.

ಮೀಟರನ್ನು 10 ಆಂಪಿಯರ್ ತೂತಿಗೆ ಹಾಕಿಯೇ ಆರಂಭಿಸಬೇಕು. ಮಿಲಿಆಂಪಿಯರ್ ತೂತಿನ ಒಳರೋಧ ಹೆಚ್ಚು. ಅದು ಗಾಡಿಗೆ ತಲುಪುವ ವೋಲ್ಟೇಜನ್ನೇ ತಗ್ಗಿಸುತ್ತದೆ, ಸೋರಿಕೆ ಸ್ವಲ್ಪ ದೊಡ್ಡದಿದ್ದರೆ ಅದರ ಫ್ಯೂಸೂ ಹಾರುತ್ತದೆ. ಮೀಟರ್ ಜೋಡಿಸಿರುವಾಗ ಅಪ್ಪಿತಪ್ಪಿಯೂ ಕೀಲಿ ತಿರುಗಿಸಬಾರದು. ನಮ್ಮ ಗ್ಯಾರೇಜುಗಳಲ್ಲಿ ‘ಸೆಲ್ಫ್’ ಎನ್ನುವ ಸ್ಟಾರ್ಟರ್ ಮೋಟಾರು ನೂರಾರು ಆಂಪಿಯರ್ ಎಳೆಯುತ್ತದೆ.

ಫ್ಯೂಸು ಕೀಳದೆಯೂ ಅಳೆಯಬಹುದು. ಫ್ಯೂಸಿನ ತಂತಿಗೂ ಅಲ್ಪ ರೋಧವಿದೆ. ಇಂದಿನ ಚಪ್ಪಟೆ ಕಾಲಿನ 10 ಆಂಪಿಯರ್ ಫ್ಯೂಸಿನಲ್ಲಿ ಅದು ಏಳೆಂಟು ಮಿಲಿಓಮ್. ಜಾರ್ಜ್ ಓಮ್ 1827ರಲ್ಲಿ ಪ್ರಕಟಿಸಿದ ನಿಯಮದ ಪ್ರಕಾರ ಅದರ ಎರಡು ತುದಿಗಳ ನಡುವೆ ಒಂದು ಮಿಲಿವೋಲ್ಟ್ ಕಂಡರೆ ಸುಮಾರು 130 ಮಿಲಿಆಂಪಿಯರ್ ಹರಿಯುತ್ತಿದೆ ಎಂದರ್ಥ. ಫ್ಯೂಸಿನ ಬೆನ್ನ ಮೇಲಿನ ಎರಡು ಪುಟ್ಟ ಲೋಹದ ಚುಕ್ಕಿಗಳಿಗೆ ಮೀಟರಿನ ಕಡ್ಡಿ ಮುಟ್ಟಿಸಿದರಾಯಿತು, ಏನನ್ನೂ ಬಿಚ್ಚಬೇಕಿಲ್ಲ. ವೈರನ್ನು ತಬ್ಬಿ ಹಿಡಿದು ಅದರ ಸುತ್ತಲಿನ ಕಾಂತಕ್ಷೇತ್ರದಿಂದ ಕರೆಂಟನ್ನು ಅಳೆಯುವ ಡಿಸಿ ಕ್ಲಾಂಪ್ ಮೀಟರ್ ಇನ್ನೂ ಅನುಕೂಲ. ಎಡ್ವಿನ್ ಹಾಲ್ 1879ರಲ್ಲಿ ಗುರುತಿಸಿದ ಪರಿಣಾಮ ಅದರ ಜೀವಾಳ.

ಹಳೆಯ ವ್ಯಾನಿನಲ್ಲಿ ಒಂದು ಸುಖವಿದೆ. ಇಂದಿನ ಕಾರಿನ ಕಂಪ್ಯೂಟರುಗಳು ಬಾಗಿಲು ಹಾಕಿದ ಮೇಲೂ ಹಲವು ನಿಮಿಷ, ಕೆಲವೊಮ್ಮೆ ಅರ್ಧ ಗಂಟೆಯ ತನಕ ಎಚ್ಚರವಿರುತ್ತವೆ, ಅವು ಮಲಗುವ ತನಕ ಮೀಟರಿನ ಮಾತು ನಂಬುವಂತಿಲ್ಲ. ಟಿ-3ರಲ್ಲಿ ಅಂಥ ಕಾಯುವಿಕೆ ಬಹುಮಟ್ಟಿಗೆ ಇಲ್ಲ. ಮೇಲಾಗಿ ಜರ್ಮನ್ ಗಾಡಿಗಳ ಟರ್ಮಿನಲ್‌ಗಳಿಗೆ ಡಿಐಎನ್ 72552 ಎಂಬ ಮಾನಕದ ಪ್ರಕಾರ ಸಂಖ್ಯೆಗಳಿವೆ. 30 ಎಂದರೆ ಸದಾ ಜೀವಂತವಿರುವ ಪಾಸಿಟಿವ್, 15 ಎಂದರೆ ಕೀಲಿ ತಿರುಗಿಸಿದಾಗ ಮಾತ್ರ, 31 ಎಂದರೆ ಅರ್ಥ್. ನಿಂತ ಗಾಡಿಯ ಸೋರಿಕೆ 30ರಿಂದಲೇ ಹೊರಡಬೇಕು. ಯಾರಾದರೂ 15ಕ್ಕೆ ಸೇರಬೇಕಾದ ಸ್ಟೀರಿಯೊ ವೈರನ್ನು 30ಕ್ಕೆ ಜೋಡಿಸಿದ್ದರೆ ಆ ಸ್ಟೀರಿಯೊ ಎಂದೂ ನಿದ್ರಿಸುವುದಿಲ್ಲ.

ಫ್ಯೂಸೇ ಇಲ್ಲದ ದಾರಿ

ಎಲ್ಲ ಫ್ಯೂಸುಗಳನ್ನೂ ಕಿತ್ತ ಮೇಲೂ ಮೀಟರು ಕೆಳಗಿಳಿಯದಿದ್ದರೆ? ಕ್ಯಾಂಪರ್ ವ್ಯಾನಿನ ಪತ್ತೇದಾರಿ ಕುತೂಹಲಕರವಾಗುವುದು ಇಲ್ಲಿಂದಲೇ.

ಮುಂದಿನ ಬ್ಯಾಟರಿಯಿಂದ ಗಾಡಿಯ ಅಡಿಯುದ್ದಕ್ಕೂ ಹಿಂದಿನ ಸ್ಟಾರ್ಟರಿಗೆ, ಅಲ್ಲಿಂದ ಎಂಜಿನ್ ಓಡುವಾಗ ಬ್ಯಾಟರಿ ತುಂಬಿಸುವ ಆಲ್ಟರ್ನೇಟರಿಗೆ ಹೋಗುವ ದಪ್ಪ ವೈರಿಗೆ ಫ್ಯೂಸಿಲ್ಲ. ಆಲ್ಟರ್ನೇಟರ್ ಹುಟ್ಟಿಸುವುದು ಎಸಿ ಕರೆಂಟು. ಅದನ್ನು ಡಿಸಿ ಮಾಡುವುದು ಅದರೊಳಗಿನ, ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಡಯೋಡುಗಳು. ಬ್ಯಾಟರಿಯ ಕಡೆಗೆ ಮೂರು, ಅರ್ಥಿನ ಕಡೆಗೆ ಮೂರು, ಜೊತೆಗೆ ಆಲ್ಟರ್ನೇಟರಿನ ಸ್ವಂತ ಕಾಂತಸುರುಳಿಗೆ ಕರೆಂಟು ಒದಗಿಸುವ ಮೂರು ಪುಟಾಣಿ ಡಯೋಡುಗಳು. ಈ ಕೊನೆಯ ಮೂರು ಕೂಡುವ ಟರ್ಮಿನಲ್ಲಿಗೆ ಡಿ ಪ್ಲಸ್ ಎಂದು ಹೆಸರು. ಡ್ಯಾಶ್‌ಬೋರ್ಡಿನ ಚಾರ್ಜಿಂಗ್ ದೀಪದ ನೀಲಿ ವೈರು ಬಂದು ಸೇರುವುದೂ ಅಲ್ಲಿಗೇ. ಎಂಜಿನ್ ಓಡಿದರೆ ಡಿ ಪ್ಲಸ್ಸಿನಲ್ಲಿ 14 ವೋಲ್ಟ್, ನಿಂತರೆ ಸೊನ್ನೆ.

ಕ್ಯಾಂಪರ್ ಕಟ್ಟುವವರಿಗೆ ಇದು ವರವಾಯಿತು. ಎಂಜಿನ್ ಓಡುವಾಗ ಮಾತ್ರ ಎರಡೂ ಬ್ಯಾಟರಿಗಳನ್ನು ಜೋಡಿಸುವ ರಿಲೇಗೆ ಡಿ ಪ್ಲಸ್ಸಿನಿಂದಲೇ ಸೂಚನೆ ಕೊಟ್ಟರು. ಗ್ಯಾಸ್, ಮನೆಯ ಕರೆಂಟು, ಬ್ಯಾಟರಿ ಮೂರರಲ್ಲೂ ನಡೆಯುವ ಫ್ರಿಜ್ಜು ಬ್ಯಾಟರಿಯಿಂದ ಏಳೆಂಟು ಆಂಪಿಯರ್ ಎಳೆಯುತ್ತದಾದ್ದರಿಂದ ಅದರ ರಿಲೇಯನ್ನೂ ಅಲ್ಲಿಗೇ ಕಟ್ಟಿದರು. ಎಂಜಿನ್ ನಿಂತೊಡನೆ ರಿಲೇಗಳು ಬಿಟ್ಟುಕೊಳ್ಳುತ್ತವೆ, ಎಂಜಿನ್ ಬ್ಯಾಟರಿ ಸುರಕ್ಷಿತ.

ಈಗ ಬ್ಯಾಟರಿಯ ಕಡೆಯ ಮೂರು ಡಯೋಡುಗಳಲ್ಲಿ ಒಂದು ಕೆಟ್ಟು ಶಾರ್ಟ್ ಆಯಿತೆನ್ನಿ. ಬ್ಯಾಟರಿಯ ಕರೆಂಟು ಆ ಡಯೋಡಿನ ಮೂಲಕ ಹಿಮ್ಮುಖವಾಗಿ ಆಲ್ಟರ್ನೇಟರಿನ ಸುರುಳಿಗೆ ನುಗ್ಗುತ್ತದೆ. ಅಲ್ಲಿಂದ ಅರ್ಥಿಗೆ ನೇರ ದಾರಿಯಿಲ್ಲ, ಕೆಳಗಿನ ಮೂರು ಡಯೋಡುಗಳು ತಡೆಯುತ್ತವೆ. ಆದರೆ ಪುಟಾಣಿ ಡಯೋಡುಗಳಿಗೆ ಅದು ಸಹಜ ದಿಕ್ಕು, ಅವು ದಾರಿ ಬಿಡುತ್ತವೆ. ಕರೆಂಟು ಡಿ ಪ್ಲಸ್ಸಿಗೆ ಬಂದು, ಕಾಂತಸುರುಳಿಯ ಮೂಲಕ ಸುಮಾರು ಮೂರು ಆಂಪಿಯರ್‌ನಂತೆ ಅರ್ಥ್ ಸೇರುತ್ತದೆ. ಡಿ ಪ್ಲಸ್ಸಿನಲ್ಲಿ ವೋಲ್ಟೇಜ್ ಬಂತೆಂದರೆ ರಿಲೇಗಳಿಗೆ ಎಂಜಿನ್ ಓಡುತ್ತಿರುವಂತೆಯೇ ಲೆಕ್ಕ. ಎರಡೂ ಬ್ಯಾಟರಿಗಳು ಕೂಡಿಕೊಂಡು ಜೊತೆಯಾಗಿ ಖಾಲಿಯಾಗುತ್ತವೆ. ಫ್ರಿಜ್ಜಿನ ಸ್ವಿಚ್ಚು ಬ್ಯಾಟರಿಯ ಮೇಲಿದ್ದರೆ ಅದೂ ಚಾಲೂ. ದೋಷ ಒಂದು ಡಯೋಡಿನದು, ಲಕ್ಷಣ ಮೂರು ಕಡೆ.

ಇದನ್ನು ಪತ್ತೆ ಮಾಡಲು ಮೀಟರಿಗಿಂತ ಮೊದಲು ಕಣ್ಣು, ಕೈ ಸಾಕು. ಕೀಲಿ ಕೈಯಲ್ಲಿದ್ದರೂ ಡ್ಯಾಶ್‌ಬೋರ್ಡಿನ ಚಾರ್ಜಿಂಗ್ ದೀಪ ಉರಿಯುತ್ತಿರುತ್ತದೆ, ಏಕೆಂದರೆ ಕರೆಂಟು ಡಿ ಪ್ಲಸ್ಸಿನಿಂದ ದೀಪದ ಮೂಲಕ ಹಿಮ್ಮುಖವಾಗಿ 15ಕ್ಕೆ ಹರಿಯುತ್ತದೆ. ಎಂಜಿನ್ ನಿಂತು ಇಡೀ ರಾತ್ರಿ ಕಳೆದಿದ್ದರೂ ಆಲ್ಟರ್ನೇಟರ್ ಬೆಚ್ಚಗಿರುತ್ತದೆ, ಏಕೆಂದರೆ ಮೂವತ್ತಕ್ಕೂ ಹೆಚ್ಚು ವಾಟಿನ ಶಾಖ ಅಲ್ಲಿ ಹುಟ್ಟುತ್ತಿದೆ. ಡಯೋಡು ಪೂರ್ತಿ ಸಾಯದೆ ಅರೆಬರೆ ಸೋರುತ್ತಿದ್ದರೆ ದೀಪ ಉರಿಯದೆಯೂ ಇರಬಹುದು. ಸಿಲಿಕಾನ್ ಡಯೋಡಿನ ಹಿಮ್ಮುಖ ಸೋರಿಕೆ ಪ್ರತಿ ಹತ್ತು ಡಿಗ್ರಿ ಶಾಖಕ್ಕೆ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ತಣ್ಣಗಿನ ಬೆಳಿಗ್ಗೆ ಸಾಧುವಾಗಿದ್ದ ಆಲ್ಟರ್ನೇಟರು ಎಂಜಿನ್ ನಿಲ್ಲಿಸಿದ ಕೂಡಲೇ ಅಳೆದರೆ ಬಣ್ಣ ಬಯಲು ಮಾಡೀತು.

ಡಯೋಡು ಸಾಯುವ ಬಗೆಯೂ ತಿಳಿಯಬೇಕಾದ್ದೇ. ಶಾಖ ಮತ್ತು ಚಳಿಗಾಲದ ರಸ್ತೆಗಳ ಉಪ್ಪುನೀರು ಅದನ್ನು ನಿಧಾನವಾಗಿ ಕೊಲ್ಲುತ್ತವೆ. ಇನ್ನೊಂದು ಗಾಡಿಯಿಂದ ಜಂಪ್ ಕೇಬಲ್ಲು ಕೊಡುವಾಗ ಕೆಂಪು-ಕಪ್ಪು ಅದಲುಬದಲಾದರೆ ಒಂದೇ ಕ್ಷಣ ಸಾಕು. ಆಗ ಆರೂ ಡಯೋಡುಗಳು ಸಲೀಸಾಗಿ ಕರೆಂಟು ಬಿಡುವ ದಿಕ್ಕಿನಲ್ಲಿರುತ್ತವೆ, ನೂರಾರು ಆಂಪಿಯರ್ ನುಗ್ಗುತ್ತದೆ. ಖಾಲಿ ಬ್ಯಾಟರಿಗೆ ಮಾಡಿದ ತುರ್ತು ಚಿಕಿತ್ಸೆ ಮುಂದಿನ ನೂರು ಖಾಲಿ ಬ್ಯಾಟರಿಗಳಿಗೆ ಕಾರಣವಾಗುವುದು ಹೀಗೆ.

ಲೆಕ್ಕ ಮುಚ್ಚುವ ತನಕ

ಒಂದು ಕಲ್ಪಿತ ಲೆಕ್ಕ ನೋಡೋಣ. ಎರಡನೇ ಬ್ಯಾಟರಿಯ ನೆಗೆಟಿವ್ ಕಳಚಿಟ್ಟು ಮೊದಲನೆಯದರಲ್ಲಿ ಮೀಟರ್ ಕೂರಿಸಿದ್ದೇವೆ, ಇಲ್ಲದಿದ್ದರೆ ಎರಡು ಬ್ಯಾಟರಿಗಳು ಹೊರೆಯನ್ನು ಹಂಚಿಕೊಂಡು ಲೆಕ್ಕ ಕೆಡುತ್ತದೆ. ಫ್ರಿಜ್ಜನ್ನು ಆರಿಸಿದೆ. ಒಟ್ಟು ಸೋರಿಕೆ 3.70 ಆಂಪಿಯರ್. ಈ ಹೊತ್ತಿಗೆ ಒಂದು ಸುಳಿವು ಕಾಣುತ್ತದೆ: ಎರಡನೇ ಬ್ಯಾಟರಿಯಿಂದ ನಡೆಯಬೇಕಾದ ಗ್ಯಾಸ್ ಅಲಾರಮ್ಮಿನ ಹಸಿರು ದೀಪ ಆ ಬ್ಯಾಟರಿ ಕಳಚಿದ ಮೇಲೂ ಉರಿಯುತ್ತಿದೆ! ಅಂದರೆ ರಿಲೇ ಕೂಡಿಕೊಂಡೇ ಇದೆ.

ಗಡಿಯಾರ ಮತ್ತು ಸ್ಟೀರಿಯೊ ಇರುವ ಫ್ಯೂಸು ಕಿತ್ತಾಗ 0.03 ಇಳಿಯಿತು. ಕಪಾಟಿನ ದೀಪದ ಫ್ಯೂಸಿಗೆ 0.42, ಗ್ಯಾಸ್ ಅಲಾರಮ್ಮಿಗೆ 0.08. ಕಪಾಟಿನ ದೀಪ ಸಿಕ್ಕಾಗಲೇ ‘ಆಹಾ’ ಎಂದು ಹಲವರು ಉಪಕರಣ ಒಳಗಿಡುತ್ತಾರೆ. ದಿನಕ್ಕೆ ಹತ್ತು ಆಂಪಿಯರ್-ಅವರ್ ನುಂಗುವ ಅಪರಾಧಿ ಸಿಕ್ಕನಲ್ಲ! ಆದರೆ ಮೂರನ್ನೂ ಕೂಡಿಸಿದರೆ ಬರುವುದು 0.53. ಇನ್ನುಳಿದ 3.17 ಎಲ್ಲಿ? ಎಲ್ಲ ಫ್ಯೂಸು ಕಿತ್ತರೂ ಮೀಟರು ಅಲ್ಲೇ ನಿಂತಿದೆ. ಆಗ ಆಲ್ಟರ್ನೇಟರಿನ ನೀಲಿ ವೈರು ಬಿಚ್ಚಿದರೆ 0.17 ಇಳಿಯುತ್ತದೆ, ಅದು ರಿಲೇಯ ಸುರುಳಿ ಮತ್ತು ಚಾರ್ಜಿಂಗ್ ದೀಪ. ಬ್ಯಾಟರಿಯನ್ನು ಪೂರ್ತಿ ಕಳಚಿ, ದಪ್ಪ ವೈರನ್ನು ಆಲ್ಟರ್ನೇಟರಿನಿಂದ ಬಿಡಿಸಿ, ಅದರ ತುದಿಗೆ ರಬ್ಬರ್ ಸುತ್ತಿ, ಮತ್ತೆ ಮೀಟರ್ ಜೋಡಿಸಿದರೆ ಉಳಿದ 3.00 ಕೂಡ ಸೊನ್ನೆ. ಲೆಕ್ಕ ಮುಚ್ಚಿತು.

ಕಪಾಟಿನ ದೀಪಕ್ಕೆ ನಿಂತವರ ಗಾಡಿ ಹದಿನಾರು ಗಂಟೆಯ ಬದಲು ಹದಿನೆಂಟು ಗಂಟೆಗೆ ಕೈಕೊಡುತ್ತಿತ್ತು, ಅಷ್ಟೇ ಲಾಭ. ಬ್ಯಾಟರಿ ಹಾಳೆಂದು ಹೊಸದು ತಂದವರಿಗೆ ಅದೂ ಇಲ್ಲ.

ಸೋರಿಕೆ ಪೂರ್ತಿ ಹೋದ ಮೇಲೂ ಗಡಿಯಾರದ ಸಹಜ ಹಸಿವು ಉಳಿದೇ ಇರುತ್ತದೆ. ತಿಂಗಳುಗಟ್ಟಲೆ ನಿಲ್ಲುವ ಗಾಡಿಗೆ ನೆಗೆಟಿವ್ ಟರ್ಮಿನಲ್ಲಿನಲ್ಲಿ ಕೈಯಿಂದ ತಿರುಗಿಸುವ ಐಸೊಲೇಟರ್ ಸ್ವಿಚ್ ಹಾಕಿಸುವುದು ಎಲ್ಲಕ್ಕಿಂತ ಅಗ್ಗದ ವಿಮೆ. ಕೆಲಸಕ್ಕೆ ಇಳಿಯುವ ಮೊದಲು ಕೈಯ ಉಂಗುರ, ಕಡಗ ತೆಗೆದಿಡಿ. ಕಳಚುವಾಗ ನೆಗೆಟಿವ್ ಮೊದಲು, ಜೋಡಿಸುವಾಗ ಅದು ಕೊನೆಗೆ. ಚಾರ್ಜಾಗುತ್ತಿರುವ ಬ್ಯಾಟರಿಯಿಂದ ಹೈಡ್ರೋಜನ್ ಹೊಮ್ಮುತ್ತದೆ, ಹತ್ತಿರ ಕಿಡಿ ಬೇಡ.

ಇದು ಜರ್ಮನಿಯ ಹಳೆಯ ವ್ಯಾನಿಗಷ್ಟೇ ಸೇರಿದ ವಿದ್ಯೆಯಲ್ಲ. 2020ರ ಲಾಕ್‌ಡೌನ್ ತೆರವಾದಾಗ ಸೆಲ್ಫ್ ತೆಗೆದುಕೊಳ್ಳದೆ ಮೊಂಡು ಹಿಡಿದ ನಮ್ಮೂರಿನ ಕಾರುಗಳಿಗೂ ಇದೇ ಗಣಿತ ಅನ್ವಯಿಸುತ್ತಿತ್ತು. ನಿಮ್ಮ ಗಾಡಿಯ ಬ್ಯಾಟರಿ ಪದೇ ಪದೇ ಡೌನ್ ಆಗುತ್ತಿದ್ದರೆ ಹೊಸದನ್ನು ಕೊಳ್ಳುವ ಮೊದಲು ಮೆಕ್ಯಾನಿಕ್ಕನ್ನು ಎರಡು ಪ್ರಶ್ನೆ ಕೇಳಿ: ಒಟ್ಟು ಎಷ್ಟು ಸೋರುತ್ತಿದೆ, ಅದರಲ್ಲಿ ಎಷ್ಟಕ್ಕೆ ಲೆಕ್ಕ ಸಿಕ್ಕಿದೆ? ಎರಡೂ ಸಂಖ್ಯೆ ಒಂದೇ ಆಗುವ ತನಕ ದುಡ್ಡು ಬಿಚ್ಚಬೇಡಿ.